ಮಾನಸಗಂಗೋತ್ರಿಯೋ, ಜ್ಞಾನಭಾರತಿಯೋ? ಪಿಜಿ ಸೀಟು ಆರಿಸುವುದು ಹೇಗೆ

ಡಿಗ್ರಿ ಮುಗಿದಿದೆ. ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಬೇಕು. ಮೈಸೂರು ವಿವಿಗೂ (ಅದರ ಆವರಣವೇ ಮಾನಸಗಂಗೋತ್ರಿ) ಅರ್ಜಿ ಹಾಕಿದ್ದೀರಿ, ಬೆಂಗಳೂರು ವಿವಿಗೂ ಹಾಕಿದ್ದೀರಿ. ಎರಡೂ ಕಡೆ ಸೀಟು ಸಿಗುವ ಹಾಗಿದೆ. ಮನೆಯಲ್ಲಿ ಒಬ್ಬರು ‘ಮೈಸೂರು ಹಳೇ ಯೂನಿವರ್ಸಿಟಿ, ಕಣ್ಮುಚ್ಚಿಕೊಂಡು ಸೇರು’ ಅನ್ನುತ್ತಾರೆ. ಇನ್ನೊಬ್ಬರು ‘ಬೆಂಗಳೂರಾದ್ರೆ ಓದು ಮುಗಿಯೋ ಹೊತ್ತಿಗೆ ಕೆಲಸ ಗ್ಯಾರಂಟಿ’ ಅನ್ನುತ್ತಾರೆ. ಇಬ್ಬರೂ ಮಾತಾಡುತ್ತಿರುವುದು ಊರಿನ ಬಗ್ಗೆ. ಆದರೆ ನೀವು ಎರಡು ವರ್ಷ ಕೂತು ಪಾಠ ಕೇಳುವುದು ಯಾವುದೋ ಒಂದು ವಿಭಾಗದಲ್ಲಿ, ನಾಲ್ಕೋ ಎಂಟೋ ಮೇಷ್ಟ್ರುಗಳ ಮುಂದೆ. ಹೋಲಿಸಬೇಕಾದದ್ದು ಆ ವಿಭಾಗಗಳನ್ನು.

ಮಂಡ್ಯದ ಕಡೆಯ ವಿದ್ಯಾರ್ಥಿಯೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮೈಸೂರು ಅವರಿಗೆ 45 ಕಿಲೋಮೀಟರ್ ಆಚೆ, ಬೆಂಗಳೂರು ಸುಮಾರು 100 ಕಿಲೋಮೀಟರ್ ಈಚೆ. ಧಾರವಾಡ–ಬೆಳಗಾವಿ, ಕುವೆಂಪು–ಮಂಗಳೂರು ಅಂತ ಯೋಚಿಸುತ್ತಿರುವವರೂ ಹೆಜ್ಜೆಗಳನ್ನು ಹೀಗೇ ಇಡಬಹುದು.

ಹೆಜ್ಜೆ 1: ಸೀಟು ನಿಜಕ್ಕೂ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ

ಇದೇನು ಕೇಳುವ ಪ್ರಶ್ನೆಯಾ ಅನ್ನಬೇಡಿ. ಬೆಂಗಳೂರು ವಿವಿ 2017ರಲ್ಲಿ ಮೂರು ಹೋಳಾಯಿತು. ಮೈಸೂರು ರಸ್ತೆಯ ಜ್ಞಾನಭಾರತಿ ಆವರಣದಲ್ಲಿರುವುದು ಬೆಂಗಳೂರು ವಿವಿ. ಸೆಂಟ್ರಲ್ ಕಾಲೇಜಿನ ಆವರಣದಲ್ಲಿರುವುದು ಬೆಂಗಳೂರು ನಗರ ವಿವಿ. ಅದಕ್ಕೆ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡುವುದಾಗಿ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿತು. ಕೋಲಾರದ ಕಡೆಯದು ಬೆಂಗಳೂರು ಉತ್ತರ ವಿವಿ. ಮೂರಕ್ಕೂ ಬೇರೆ ಬೇರೆ ಅಧಿಸೂಚನೆ, ಬೇರೆ ಬೇರೆ ಮಾರ್ಕ್ಸ್ ಕಾರ್ಡ್. ‘ಬೆಂಗಳೂರು ಯೂನಿವರ್ಸಿಟಿಯಲ್ಲಿ ಸಿಕ್ತು’ ಅಂತ ಊರೆಲ್ಲ ಹೇಳಿಕೊಂಡ ಮೇಲೆ ಗೊಂದಲ ಆಗಬಾರದು, ಅಲ್ವಾ?

ಮೈಸೂರಿನ ಕಡೆಯೂ ಹೀಗೇ. ಒಂದು ಕಾಲದಲ್ಲಿ ಹಾಸನದ ಹೇಮಗಂಗೋತ್ರಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ. ಈಗ ಅಲ್ಲಿ ಹಾಸನ ವಿವಿ ಇದೆ. 2023ರಲ್ಲಿ ಹಾಸನ, ಕೊಡಗು, ಚಾಮರಾಜನಗರ ಸೇರಿ ಏಳು ಹೊಸ ವಿವಿಗಳು ಶುರುವಾದವು. 2025ರಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚಬೇಕೆಂಬ ಪ್ರಸ್ತಾವ ಸರ್ಕಾರದ ಮಟ್ಟದಲ್ಲೇ ಬಂತು. ಹಾಗಾಗಿ ನಿಮ್ಮ ಎರಡು ಆಯ್ಕೆಗಳಲ್ಲಿ ಒಂದು ಹೊಸ ವಿವಿ ಆಗಿದ್ದರೆ ನೇರವಾಗಿ ಕೇಳಿ: ನಾನು ಪಾಸಾಗುವಾಗ ಸರ್ಟಿಫಿಕೇಟ್ ಮೇಲೆ ಯಾವ ವಿವಿಯ ಹೆಸರು ಇರುತ್ತೆ? ಸ್ಪಷ್ಟ ಉತ್ತರ ಸಿಗದಿದ್ದರೆ ಹಳೆಯದನ್ನೇ ಆರಿಸಿ.

ಹೆಜ್ಜೆ 2: ಗ್ರೇಡ್, ರ‍್ಯಾಂಕ್ ನೋಡಿ, ಅಲ್ಲೇ ನಿಲ್ಲಬೇಡಿ

ನ್ಯಾಕ್ ಅನ್ನುವುದು ವಿವಿಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ. ಅದರ ಗ್ರೇಡ್ ಅಂದರೆ ನಾಲ್ಕಕ್ಕೆ ಕೊಡುವ ಅಂಕ. 3.51ರಿಂದ ಮೇಲೆ ಎ++, 3.26ರಿಂದ ಎ+, 3.01ರಿಂದ ಎ. ಬೆಂಗಳೂರು ವಿವಿಗೆ 2023ರಲ್ಲಿ ಎ++ ಬಂತು. (ನ್ಯಾಕ್‌ನ ಪ್ರಧಾನ ಕಚೇರಿ ಇರುವುದೂ ಜ್ಞಾನಭಾರತಿಯ ಮಗ್ಗುಲಲ್ಲೇ, ನಾಗರಬಾವಿಯಲ್ಲಿ. ಅದಕ್ಕೂ ಗ್ರೇಡಿಗೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.) ಇನ್ನು ಎನ್‌ಐಆರ್‌ಎಫ್ ರ‍್ಯಾಂಕಿಂಗ್. ಅದು ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಕೊಡುವ ಶ್ರೇಯಾಂಕ. 2024ರಿಂದ ಅದರಲ್ಲಿ ರಾಜ್ಯ ಸರ್ಕಾರಿ ವಿವಿಗಳಿಗೇ ಪ್ರತ್ಯೇಕ ಪಟ್ಟಿ ಬರುತ್ತಿದೆ.

ಎರಡೂ ಇಡೀ ವಿವಿಗೆ ಕೊಡುವ ಅಂಕ. ವಿವಿಯಲ್ಲಿ ಹತ್ತಾರು ವಿಭಾಗಗಳಿರುತ್ತವೆ. ರಸಾಯನಶಾಸ್ತ್ರದವರು ಬರೆದ ಪ್ರಬಂಧಗಳಿಂದ ರ‍್ಯಾಂಕ್ ಮೇಲೇರಿರಬಹುದು. ಇತಿಹಾಸ ವಿಭಾಗಕ್ಕೆ ಸೇರುವ ನಿಮಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೇ.

ಹಳೆಯ ಹೆಸರಿನ ಕಥೆಯೂ ಇಷ್ಟೇ. ಮೈಸೂರು ವಿವಿ ಶುರುವಾಗಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ. ಮಾನಸಗಂಗೋತ್ರಿ ಅನ್ನೋ ಹೆಸರು ಕುವೆಂಪು ಕೊಟ್ಟಿದ್ದು. 1964ರಲ್ಲಿ ಹುಟ್ಟಿದ ಬೆಂಗಳೂರು ವಿವಿಯಲ್ಲಿ ಕನ್ನಡ ಅಧ್ಯಯನ ಕೇಂದ್ರ ಬೆಳೆಸಿದವರು ಜಿ.ಎಸ್. ಶಿವರುದ್ರಪ್ಪ. ಹೆಮ್ಮೆಪಡೋಣ. ಆದರೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕ್ಲಾಸ್ ತಗೊಳ್ಳೋಕೆ ಯಾರು ಬರುತ್ತಾರೆ ಅನ್ನುವುದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಹೆಜ್ಜೆ 3: ಮೇಷ್ಟ್ರುಗಳನ್ನು ಎಣಿಸಿ

ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ಇದಕ್ಕೆ ಒಂದು ಸಂಜೆ ಮತ್ತು ಒಂದು ಮೊಬೈಲ್ ಸಾಕು.

ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಪ್ರತಿ ವಿವಿ ತಾನು ಕೊಟ್ಟ ಮಾಹಿತಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಆ ಪಿಡಿಎಫ್ ತೆರೆಯಿರಿ. ಮೊದಲಲ್ಲಿ ವಿದ್ಯಾರ್ಥಿಗಳ ಸಂಖ್ಯೆ, ಖರ್ಚುವೆಚ್ಚದ ಕೋಷ್ಟಕಗಳಿರುತ್ತವೆ. ಕೊನೆಯ ಕಡೆ ಉದ್ದನೆಯ ಪಟ್ಟಿ ಸಿಗುತ್ತದೆ: ಅಧ್ಯಾಪಕರ ಹೆಸರು, ವಯಸ್ಸು, ಹುದ್ದೆ, ಓದು, ಅನುಭವ, ಸೇರಿದ ದಿನಾಂಕ. ಅದರಲ್ಲೇ ‘ರೆಗ್ಯುಲರ್’ ಅಥವಾ ‘ಕಾಂಟ್ರ್ಯಾಕ್ಟ್’ ಅಂತ ಹೇಳುವ ಒಂದು ಕಾಲಂ ಇರುತ್ತದೆ. ಪಕ್ಕದಲ್ಲಿ ವಿವಿ ವೆಬ್‌ಸೈಟಿನ ನಿಮ್ಮ ವಿಭಾಗದ ಪುಟ ಇಟ್ಟುಕೊಳ್ಳಿ. ಅಲ್ಲಿರುವ ಹೆಸರುಗಳನ್ನು ಈ ಪಟ್ಟಿಯಲ್ಲಿ ಒಂದೊಂದಾಗಿ ಹುಡುಕಿ, ಕಾಗದದ ಮೇಲೆ ಬರೆದುಕೊಳ್ಳಿ. ಕಾಯಂ ಎಷ್ಟು ಜನ? ಅತಿಥಿ ಉಪನ್ಯಾಸಕರು ಎಷ್ಟು ಜನ?

ಆಮೇಲೆ ವಯಸ್ಸಿನ ಕಾಲಂ ನೋಡಿ. ರಾಜ್ಯದ ವಿವಿಗಳಲ್ಲಿ ಅಧ್ಯಾಪಕರ ನಿವೃತ್ತಿ ವಯಸ್ಸು 62. ಪಿಡಿಎಫ್ ಒಂದೆರಡು ವರ್ಷ ಹಳೆಯದಾಗಿರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಪಟ್ಟಿಯಲ್ಲಿ 60 ಅಂತ ಇರುವ ಪ್ರೊಫೆಸರ್ ನೀವು ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಮನೆಯಲ್ಲಿರುತ್ತಾರೆ. ‘ಅವರ ಕೈಕೆಳಗೆ ಪ್ರಾಜೆಕ್ಟ್ ಮಾಡಬೇಕು’ ಅಂತ ಸೇರಿದರೆ ನಿರಾಸೆ ಖಂಡಿತ. ವೆಬ್‌ಸೈಟಿನಲ್ಲಿ ನಿವೃತ್ತರಾದವರ ಫೋಟೊ ಹಾಗೇ ಉಳಿದಿರುವುದೂ ಅಪರೂಪವೇನಲ್ಲ.

ಅತಿಥಿ ಉಪನ್ಯಾಸಕರು ಅಂದರೆ ಕಡಿಮೆ ಅಂತ ಹೇಳುತ್ತಿಲ್ಲ. ಎಷ್ಟೋ ವಿಭಾಗಗಳಲ್ಲಿ ಮನಸ್ಸಿಟ್ಟು ಪಾಠ ಮಾಡುವವರು ಅವರೇ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಸೆಮಿಸ್ಟರ್ ಶುರುವಾಗಿ ವಾರಗಳಾದರೂ ಅವರ ನೇಮಕದ ಆದೇಶ ಬಂದಿರುವುದಿಲ್ಲ. ಮುಂದಿನ ವರ್ಷ ಅವರೇ ಇರುತ್ತಾರೆ ಅನ್ನುವ ಖಾತ್ರಿ ಅವರಿಗೇ ಇರುವುದಿಲ್ಲ. ಪಿಎಚ್‌.ಡಿ. ಕನಸಿದ್ದವರಿಗೆ ಗೈಡ್ ಆಗಲು ಕಾಯಂ ಅಧ್ಯಾಪಕರು ಬೇಕು.

ಇನ್ನೊಂದು ಕಡೆಯೂ ಇದರ ಬಿಸಿ ತಟ್ಟುತ್ತದೆ. ಸಿಲಬಸ್ ತೆಗೆದರೆ ಹಾರ್ಡ್ ಕೋರ್ (ಕಡ್ಡಾಯ), ಸಾಫ್ಟ್ ಕೋರ್ (ವಿಭಾಗದೊಳಗಿನ ಆಯ್ಕೆ), ಓಪನ್ ಎಲೆಕ್ಟಿವ್ (ಬೇರೆ ವಿಭಾಗದ ಆಯ್ಕೆ) ಅಂತ ಸಾಲು ಸಾಲು ಪತ್ರಿಕೆಗಳಿರುತ್ತವೆ. ಸಾಫ್ಟ್ ಕೋರ್‌ನಲ್ಲಿ ಐದು ಆಯ್ಕೆ ಕಂಡು ಖುಷಿಯಾಗುತ್ತದೆ. ಜನ ಇಲ್ಲದ ವಿಭಾಗದಲ್ಲಿ ಅವುಗಳಲ್ಲಿ ಒಂದೋ ಎರಡೋ ಮಾತ್ರ ನಡೆಯುತ್ತವೆ, ಎಲ್ಲರೂ ಅದನ್ನೇ ತಗೊಳ್ಳಬೇಕು. ‘ಕಳೆದ ವರ್ಷ ಯಾವ್ಯಾವ ಸಾಫ್ಟ್ ಕೋರ್ ನಡೆದವು?’ ಅಂತ ಕೇಳಿದರೆ ಸಿಲಬಸ್ಸಿನ ನಿಜಸ್ಥಿತಿ ಗೊತ್ತಾಗುತ್ತದೆ.

ಹೆಜ್ಜೆ 4: ರಿಸಲ್ಟ್ ಯಾವಾಗ ಬರುತ್ತೆ?

ಇದನ್ನು ಕೈಪಿಡಿಯಲ್ಲಿ ಯಾರೂ ಬರೆಯುವುದಿಲ್ಲ. ಈಗ ಓದುತ್ತಿರುವ ಸೀನಿಯರ್‌ಗಳೇ ಹೇಳಬೇಕು. ಎರಡೂ ಕಡೆ ಒಬ್ಬೊಬ್ಬರ ನಂಬರ್ ಹುಡುಕಿ. ನಿಮ್ಮ ಕಾಲೇಜಿನಿಂದ ಹೋದವರು ಯಾರಾದರೂ ಇದ್ದೇ ಇರುತ್ತಾರೆ. ಫೋನ್ ಮಾಡಿ ‘ಅಕ್ಕಾ, ಅಲ್ಲಿ ಚೆನ್ನಾಗಿದ್ಯಾ?’ ಅಂತ ಕೇಳಿದರೆ ‘ಹ್ಞೂಂ, ಚೆನ್ನಾಗಿದೆ, ಬಾ’ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ‘ಅಕ್ಕಾ, ಫಸ್ಟ್ ಸೆಮ್ ಎಕ್ಸಾಮ್ ಯಾವ ತಿಂಗಳು ಆಯ್ತು? ರಿಸಲ್ಟ್ ಯಾವ ತಿಂಗಳು ಬಂತು? ಹೋದ ವರ್ಷ ಮುಗಿಸಿದವರ ಕೈಗೆ ಫೋರ್ತ್ ಸೆಮ್ ಮಾರ್ಕ್ಸ್ ಕಾರ್ಡ್ ಯಾವಾಗ ಬಂತು?’

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕುವಾಗ, ಹೊರಗೆ ಪಿಎಚ್‌.ಡಿ.ಗೆ ಹೋಗುವಾಗ ಕೊನೆಯ ಸೆಮಿಸ್ಟರಿನ ಫಲಿತಾಂಶ ಕೈಯಲ್ಲಿರಬೇಕು. ಉಪನ್ಯಾಸಕರಾಗಲು ಬೇಕಾದ ಕೆಸೆಟ್ (ರಾಜ್ಯದ್ದು), ನೆಟ್ (ರಾಷ್ಟ್ರಮಟ್ಟದ್ದು) ಅರ್ಹತಾ ಪರೀಕ್ಷೆಗಳನ್ನು ಕೊನೆಯ ವರ್ಷದಲ್ಲೇ ಬರೆಯಬಹುದು. ಪಾಸಾದರೂ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಬಂದಿದೆ ಅಂತ ತೋರಿಸಬೇಕು, ಮೀಸಲಾತಿ ಇದ್ದವರು ಶೇ 50. ಒಂದು ವಿವಿ ಎರಡು ವರ್ಷದಲ್ಲಿ ಬಿಡುಗಡೆ ಮಾಡಿ, ಇನ್ನೊಂದು ಅದೇ ಕೋರ್ಸಿಗೆ ಮತ್ತೊಂದಷ್ಟು ತಿಂಗಳು ಎಳೆದರೆ ಒಂದು ನೇಮಕಾತಿಯ ಸುತ್ತೇ ಕೈತಪ್ಪಬಹುದು. ಇಬ್ಬರು ಮೂವರು ಸೀನಿಯರ್‌ಗಳನ್ನು ಕೇಳಿ, ತಿಂಗಳುಗಳನ್ನು ಬರೆದಿಟ್ಟುಕೊಂಡು ತಾಳೆ ನೋಡಿ.

ಅದೇ ಫೋನಿನಲ್ಲಿ ಭಾಷೆಯ ವಿಷಯವನ್ನೂ ಕೇಳಿಬಿಡಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾ? ಪಾಠ ಯಾವ ಭಾಷೆಯಲ್ಲಿ ನಡೆಯುತ್ತೆ? ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಇರುತ್ತಾ? ಡಿಗ್ರಿಯನ್ನು ಕನ್ನಡ ಮಾಧ್ಯಮದಲ್ಲಿ ಮುಗಿಸಿದವರಿಗೆ ರ‍್ಯಾಂಕಿಂಗ್‌ಗಿಂತ ಇದು ಜಾಸ್ತಿ ಮುಖ್ಯ.

ಹೆಜ್ಜೆ 5: ಅಕ್ಕಪಕ್ಕ ಏನಿದೆ ನೋಡಿ

ಮೈಸೂರು ಮತ್ತು ಬೆಂಗಳೂರಿನ ನಿಜವಾದ ವ್ಯತ್ಯಾಸ ಇಲ್ಲಿದೆ. ಭಾಷಾವಿಜ್ಞಾನ ಓದುವವರಿಗೆ ಮಾನಸಗಂಗೋತ್ರಿಯಲ್ಲೇ ಭಾರತೀಯ ಭಾಷಾ ಸಂಸ್ಥಾನ ಇದೆ. ಆಹಾರ ವಿಜ್ಞಾನದವರಿಗೆ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದೇ ಊರಿನಲ್ಲಿದೆ. ಜಾನಪದ ಓದುವವರಿಗೆ ಜಯಲಕ್ಷ್ಮಿ ವಿಲಾಸದ ವಸ್ತುಸಂಗ್ರಹಾಲಯ ಆವರಣದೊಳಗೇ ಸಿಗುತ್ತದೆ. ಹಸ್ತಪ್ರತಿ, ಸಂಸ್ಕೃತದ ಕಡೆ ಒಲವಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕ ಪ್ರಾಚ್ಯವಿದ್ಯಾ ಸಂಶೋಧನಾಲಯ ಮೈಸೂರು ವಿವಿಯದೇ.

ಅರ್ಥಶಾಸ್ತ್ರ, ಸಮಾಜಶಾಸ್ತ್ರದವರಿಗೆ ಬೆಂಗಳೂರು ಅನುಕೂಲ. ಸಾಮಾಜಿಕ, ಆರ್ಥಿಕ ಬದಲಾವಣೆಯ ಅಧ್ಯಯನ ಮಾಡುವ ಐಸೆಕ್ ಸಂಸ್ಥೆ ಜ್ಞಾನಭಾರತಿಗೆ ಅಂಟಿಕೊಂಡೇ ಇದೆ. ಇತಿಹಾಸದವರಿಗೆ ರಾಜ್ಯ ಪತ್ರಾಗಾರ ವಿಧಾನಸೌಧದಲ್ಲಿದೆ. ಭೌತಶಾಸ್ತ್ರ, ಜೀವಶಾಸ್ತ್ರದವರು ಐಐಎಸ್‌ಸಿ, ರಾಮನ್ ಸಂಶೋಧನಾ ಸಂಸ್ಥೆ, ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಕಡೆ ಪ್ರಾಜೆಕ್ಟ್‌ಗೆ ಪ್ರಯತ್ನಿಸಬಹುದು. ಪಕ್ಕದಲ್ಲಿದ್ದ ಮಾತ್ರಕ್ಕೆ ಯಾರೂ ಕರೆದು ಒಳಗೆ ಕೂರಿಸುವುದಿಲ್ಲ. ‘ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಹೊರಗಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡಿದರು?’ ಅಂತ ಸೀನಿಯರ್ ಹತ್ತಿರವೇ ಕೇಳಿ.

ಹೆಜ್ಜೆ 6: ಇರುವುದು, ಓಡಾಡುವುದು, ದುಡ್ಡು

ಒಂದೇ ವಿವಿಯಲ್ಲಿ ಸಾಮಾನ್ಯ ಸೀಟಿಗೂ ಪೇಮೆಂಟ್ ಸೀಟಿಗೂ ಶುಲ್ಕ ಹಲವು ಪಟ್ಟು ಬೇರೆ ಇರುತ್ತದೆ. ನಿಮ್ಮ ಹೆಸರು ಯಾವ ಪಟ್ಟಿಯಲ್ಲಿ ಬಂದಿದೆ ಅಂತ ಮೊದಲು ನೋಡಿ. ಬೇರೆ ವಿವಿಯಿಂದ ಬಂದವರಿಗೆ ಪ್ರತ್ಯೇಕ ಪಾಲಿನ ಸೀಟು ಇರುವುದರಿಂದ, ಬೆಂಗಳೂರಿನಲ್ಲಿ ಡಿಗ್ರಿ ಮಾಡಿ ಮೈಸೂರಿಗೆ ಹೋಗುವವರು ಆ ಸಾಲಿನಲ್ಲಿ ಹುಡುಕಬೇಕು. ಮೈಗ್ರೇಷನ್ ಸರ್ಟಿಫಿಕೇಟನ್ನೂ ಈಗಲೇ ಮಾಡಿಸಿಟ್ಟುಕೊಳ್ಳಿ.

ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡಬಹುದು, ಹಾಗೆ ಓದಿದವರು ಬೇಕಾದಷ್ಟಿದ್ದಾರೆ. ರೈಲಿನ ಸೀಸನ್ ಪಾಸ್ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಬೆಂಗಳೂರಿಗೆ ಹೋಗುವುದಾದರೆ ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಜ್ಞಾನಭಾರತಿ ನಿಲ್ದಾಣ ಹತ್ತಿರವೇ. ಆದರೆ ಆವರಣವೇ ಸಾವಿರ ಎಕರೆಗೂ ಮಿಗಿಲು. ನಿಲ್ದಾಣದಿಂದ ನಿಮ್ಮ ವಿಭಾಗದವರೆಗೆ ಇನ್ನೂ ದಾರಿ ಇರುತ್ತದೆ. ಎಂ.ಎಸ್‌ಸಿ. ಪ್ರಾಕ್ಟಿಕಲ್ ಸಂಜೆಯವರೆಗೂ ಎಳೆಯುವುದರಿಂದ ಮಂಡ್ಯದಿಂದ ದಿನಾ ಬೆಂಗಳೂರಿಗೆ ಹೋಗಿ ಬರುತ್ತೇನೆ ಅನ್ನುವ ಯೋಚನೆ ಬೇಡ.

ವಿವಿ ಸೀಟು ಸಿಕ್ಕಿತು ಅಂದರೆ ಹಾಸ್ಟೆಲ್ ಸಿಕ್ಕಿತು ಅಂತಲ್ಲ. ಅದಕ್ಕೆ ಬೇರೆ ಅರ್ಜಿ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಮತ್ತು ಸಮಾಜ ಕಲ್ಯಾಣ ಹಾಸ್ಟೆಲ್‌ಗಳಿಗೂ ಬೇರೆಯೇ ಆನ್‌ಲೈನ್ ಅರ್ಜಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ಹಣ ಕೊಡುವ ವಿದ್ಯಾಸಿರಿ ಯೋಜನೆ ಇದೆ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಹಾಕುವಾಗ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪತ್ರದ ಮೇಲೇ ಇರುತ್ತದೆ) ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹಣ ತಡವಾಗಿ ಬರುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಮೊದಲ ಆರು ತಿಂಗಳು ರೂಮು, ಊಟಕ್ಕೆ ಮನೆಯಿಂದ ಎಷ್ಟು ಹೊಂದಿಸಬಹುದು ಅನ್ನುವುದನ್ನು ಮನೆಯವರ ಜೊತೆ ಕೂತು ಮಾತಾಡಿ. ಬೆಂಗಳೂರಿನ ರೂಮ್ ಬಾಡಿಗೆ ಕೇಳಿದ ಮೇಲೆ ಎಷ್ಟೋ ಜನರ ತೀರ್ಮಾನ ತಾನಾಗಿಯೇ ಆಗಿಬಿಡುತ್ತದೆ.

ಕಲ್ಯಾಣ ಕರ್ನಾಟಕದವರಿಗೆ ಒಂದು ಮಾತು. ಗುಲಬರ್ಗಾ ವಿವಿ, ಕಡಗಂಚಿಯ ಕೇಂದ್ರೀಯ ವಿವಿ ನಡುವೆ ಆರಿಸುವಾಗ ಆ ಭಾಗದವರಿಗಿರುವ 371(ಜೆ) ಮೀಸಲಾತಿ ರಾಜ್ಯದ ವಿವಿಯಲ್ಲಿ ಮಾತ್ರ. ಕೇಂದ್ರೀಯ ವಿವಿಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು, ಅಲ್ಲಿನ ಒಬಿಸಿ ಪಟ್ಟಿಯೂ ಕೇಂದ್ರದ್ದು. ರಾಜ್ಯದಲ್ಲಿ 2ಎ, 3ಬಿ ಅಂತ ಇರುವ ಎಲ್ಲ ಜಾತಿಗಳೂ ಅದರಲ್ಲಿಲ್ಲ. ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಲ್ಲಿ ಮುಂಚೆಯೇ ಮಾಡಿಸಿ.

ಹೆಜ್ಜೆ 7: ಒಂದು ದಿನ ಹೋಗಿ ಬನ್ನಿ

ಕೆಲಸದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ವಿಭಾಗದ ನೋಟಿಸ್ ಬೋರ್ಡ್ ಓದಿ: ಟೈಮ್‌ಟೇಬಲ್ ಈ ಸೆಮಿಸ್ಟರಿನದಾ, ಹಳೆಯದಾ? ಆ ಹೊತ್ತಿನಲ್ಲಿ ಇರಬೇಕಾದ ಕ್ಲಾಸ್ ನಿಜಕ್ಕೂ ನಡೆಯುತ್ತಿದೆಯಾ? ಲ್ಯಾಬಿನ ಬಾಗಿಲು ತೆರೆದಿದೆಯಾ? ಲೈಬ್ರರಿ ಎಷ್ಟು ಗಂಟೆವರೆಗೆ ತೆರೆದಿರುತ್ತೆ? ಆಫೀಸಿನಲ್ಲಿ ‘ಸಾರ್, ಅಡ್ಮಿಷನ್ ವಿಚಾರ ಕೇಳಬೇಕಿತ್ತು’ ಅಂದರೆ ಸಾಮಾನ್ಯವಾಗಿ ಕೂರಿಸಿ ಹೇಳುತ್ತಾರೆ. ವಿಭಾಗದ ಅಧ್ಯಕ್ಷರು ಸಿಕ್ಕರೆ ಎರಡು ನಿಮಿಷ ಮಾತಾಡಿ.

ಹೆಜ್ಜೆ 8: ಒಂದನ್ನು ಹಿಡಿಯಿರಿ, ಇನ್ನೊಂದನ್ನು ಸರಿಯಾಗಿ ಬಿಡಿ

ಎರಡು ವಿವಿಗಳ ಕೌನ್ಸೆಲಿಂಗ್ ಒಂದೇ ವಾರ ಬರಬೇಕೆಂದೇನಿಲ್ಲ. ಮೊದಲು ಬಂದದ್ದಕ್ಕೆ ದುಡ್ಡು ಕಟ್ಟಿ, ಆಮೇಲೆ ಬದಲಾಯಿಸಬೇಕಾಗಬಹುದು. ವಿವಿಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ಅಧಿಸೂಚನೆ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಶುಲ್ಕ ಪೂರ್ತಿ ವಾಪಸ್ (ಪ್ರೊಸೆಸಿಂಗ್ ಶುಲ್ಕ ಅಂತ ಸ್ವಲ್ಪ ಕಡಿತ ಆಗಬಹುದು). ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90. ಕೊನೆಯ ದಿನ ದಾಟಿ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50. ಆಮೇಲೆ ಏನೂ ಸಿಗುವುದಿಲ್ಲ. ನಂತರದ ವರ್ಷಗಳಲ್ಲಿ ಯುಜಿಸಿ ಇದಕ್ಕಿಂತ ಉದಾರವಾದ ದಿನಾಂಕ ಕೊಟ್ಟದ್ದೂ ಇದೆ. ಈ ವರ್ಷದ ಸುತ್ತೋಲೆ ನೋಡಿಕೊಳ್ಳಿ.

ಮೂಲ ಅಂಕಪಟ್ಟಿಗಳನ್ನು ವಿವಿ ಇಟ್ಟುಕೊಳ್ಳುವ ಹಾಗಿಲ್ಲ ಅಂತಲೂ ಅದೇ ಅಧಿಸೂಚನೆ ಹೇಳುತ್ತದೆ. ಪರಿಶೀಲನೆಗೆ ತೋರಿಸಿ, ವಾಪಸ್ ತಗೊಳ್ಳಿ. ಆದರೆ ಟಿ.ಸಿ. ಮಾತ್ರ ಸೇರಿದ ಕಡೆಯೇ ಉಳಿಯುತ್ತದೆ. ಹಾಗಾಗಿ ಬಿಡುವ ವಿವಿಯಿಂದ ಅದನ್ನು ಮೊದಲು ಬಿಡಿಸಿಕೊಳ್ಳಬೇಕು. ಪ್ರವೇಶ ರದ್ದು ಮಾಡುವ ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಶುಲ್ಕ ವಾಪಸಾತಿಯ ದಿನ ಲೆಕ್ಕ ಹಾಕುವುದು ಆ ದಿನಾಂಕದಿಂದಲೇ. ನೀವು ಬಿಟ್ಟ ಸೀಟು ವೇಟಿಂಗ್ ಲಿಸ್ಟಿನಲ್ಲಿ ಕಾಯುತ್ತಿರುವವರಿಗೆ ಹೋಗುವುದೂ ಆಮೇಲೆಯೇ.