ಅಡಿಕೆ ಕೊಯ್ಲಿನ ನಡುವೆ ಆಗಮನ ಕಾಲ

ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ತಯಾರಿಯ ವಾರಗಳು, ಬರುವುದೇ ನಮ್ಮ ಕಡೆ ಯಾರಿಗೂ ಪುರುಸೊತ್ತಿಲ್ಲದ ಹೊತ್ತಿಗೆ. ನವೆಂಬರ್ ಕೊನೆ ಅಂದರೆ ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಕೊನೆ (ಗೊನೆ) ಇಳಿಸುವ ಕಾಲ. ಹಗಲು ಕೊಯ್ಲು, ರಾತ್ರಿ ಸುಲಿಯುವುದು, ಬೆಳಗಾದರೆ ಬೇಯಿಸಿ ಅಂಗಳದಲ್ಲಿ ಹರವುವುದು. ಅದರ ಮಧ್ಯೆ ಗದ್ದೆ ಕೊಯ್ಲು ಬೇರೆ. ಕ್ರಿಸ್ಮಸ್‌ಗೆ ಮನಸ್ಸು ಸಿದ್ಧ ಮಾಡಿಕೊಳ್ಳಿ ಎಂದು ಚರ್ಚ್‌ನಲ್ಲಿ ಫಾದರ್ ಹೇಳುವಾಗ ನಮ್ಮಲ್ಲಿ ಎಷ್ಟೋ ಜನರಿಗೆ ನಿದ್ದೆ ಸಾಲದೆ ಕಣ್ಣು ಉರಿಯುತ್ತಿರುತ್ತದೆ.

ಕೆಲಸ ಮುಗಿಸಿ ಆಮೇಲೆ ಪ್ರಾರ್ಥನೆಗೆ ಕೂರೋಣ ಅಂತ ಕಾದರೆ ಡಿಸೆಂಬರ್ 24 ಬಂದೇಬಿಡುತ್ತದೆ. ಅದಕ್ಕೇ ನಾನು ಕೆಲಸದ ಒಳಗೇ ಆಗಮನ ಕಾಲವನ್ನು ಆಚರಿಸುವುದು ರೂಢಿ ಮಾಡಿಕೊಂಡಿದ್ದೇನೆ. ಈ ಧೈರ್ಯ ಬಂದಿದ್ದು ಶುಭಸಂದೇಶದಿಂದಲೇ, ಅಂದರೆ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಭಾಗದಿಂದ. ಮೊದಲ ಭಾನುವಾರದ ವಾಚನ ಮೂರು ವರ್ಷದ ಸರದಿಯಲ್ಲಿ ಬದಲಾಗುತ್ತದೆ, ಆದರೆ ಮೂರರಲ್ಲೂ ಮಾತು ಒಂದೇ: ಎಚ್ಚರವಾಗಿರಿ. ಮತ್ತಾಯನ 24ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಯಾರ ಉದಾಹರಣೆ ಕೊಡುತ್ತಾರೆ ನೋಡಿ. ಹೊಲದಲ್ಲಿ ಕೆಲಸ ಮಾಡುತ್ತಿರುವ ಇಬ್ಬರು ಗಂಡಸರು. ಬೀಸುವ ಕಲ್ಲಿನ ಮುಂದೆ ಕೂತ ಇಬ್ಬರು ಹೆಂಗಸರು. ದೇವಾಲಯದಲ್ಲಿ ಕಣ್ಣು ಮುಚ್ಚಿ ಕೂತವರಲ್ಲ, ಕೈತುಂಬ ಕೆಲಸ ಇದ್ದವರು! ಆಮೇಲೆ ಕಳ್ಳನ ಮಾತು ಬರುತ್ತದೆ. ಕಳ್ಳ ಯಾವ ಜಾವದಲ್ಲಿ ಬರುತ್ತಾನೆಂದು ಗೊತ್ತಿದ್ದರೆ ಮನೆಯ ಯಜಮಾನ ಎದ್ದು ಕೂತಿರುತ್ತಿದ್ದ ಎನ್ನುತ್ತಾರೆ ಪ್ರಭು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿ ರಾತ್ರಿ ನಾಯಿ ಬೊಗಳಿದರೆ ಟಾರ್ಚ್ ಹಿಡಿದು ಓಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ದಿನಗಳ ಲೆಕ್ಕ ಮೊದಲು ಹೇಳುತ್ತೇನೆ. ಕ್ರಿಸ್ಮಸ್‌ಗೆ ಹಿಂದಿನ ನಾಲ್ಕು ಭಾನುವಾರ ಎಣಿಸಿದರೆ ಆಯಿತು. ಶುರುವಾಗುವುದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗಿನ ಭಾನುವಾರ. 2023ರಲ್ಲಿ ಡಿಸೆಂಬರ್ 3ಕ್ಕೆ ಶುರುವಾಗಿ ನಾಲ್ಕನೇ ವಾರ ಒಂದೇ ದಿನಕ್ಕೆ ಮುಗಿದುಹೋಯಿತು. 2025ರಲ್ಲಿ ನವೆಂಬರ್ 30. ಪೂಜಾವಿಧಿಯ ಹೊಸ ವರ್ಷವೂ ಅವತ್ತೇ ಶುರು. ಗುರುಗಳ ಉಡುಪು ನೇರಳೆ, ಭಾನುವಾರದ ಬಲಿಪೂಜೆಯಲ್ಲಿ ದೇವರ ಮಹಿಮೆ ಹಾಡುವ ಮಹಿಮಾ ಗೀತೆ ಇಲ್ಲ. ಆದರೆ ಅಲ್ಲೆಲೂಯ ಎಂಬ ಸ್ತುತಿಘೋಷ ಇರುತ್ತದೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಅದೂ ಇರುವುದಿಲ್ಲ, ಅಲ್ವಾ? ಈ ವ್ಯತ್ಯಾಸ ನನಗೆ ತುಂಬ ಮುಖ್ಯ. ಇದು ಅಳುವ ಕಾಲ ಅಲ್ಲ, ಕಾಯುವ ಕಾಲ.

ಮನೆಯಲ್ಲಿ ನಾಲ್ಕು ಮೇಣದಬತ್ತಿಯ ಹಸಿರು ಹಾರ ಇಡುತ್ತೇವೆ. ಇದರ ಮೂಲ 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಬಡ ಮಕ್ಕಳಿಗಾಗಿ ಶುರು ಮಾಡಿದ ಪದ್ಧತಿ, ಕಥೋಲಿಕರ ಮನೆಗೆ ಬಂದಿದ್ದು ಆಮೇಲೆ. ಅಲ್ಲಿ ಪೈನ್ ಸೊಪ್ಪು. ನಮಗೆ ಅದು ಯಾಕೆ? ಗದ್ದೆಯಿಂದ ಬಂದ ಹೊಸ ಹುಲ್ಲಿನಲ್ಲಿ ದಪ್ಪಗೆ ಒಂದು ಸಿಂಬೆ ಸುತ್ತಿ, ಅದಕ್ಕೆ ಮಾವಿನ ಎಲೆ, ತೋಟದ ಜರೀಗಿಡ ಸಿಕ್ಕಿಸುತ್ತೇನೆ. ಬತ್ತಿಗಳನ್ನು ನೇರವಾಗಿ ಹುಲ್ಲಿಗೆ ಚುಚ್ಚಬೇಡಿ. ನಾಲ್ಕು ತೆಂಗಿನ ಗರಟೆಯಲ್ಲಿ ಒದ್ದೆ ಮರಳು ತುಂಬಿ, ಅದರಲ್ಲಿ ಬತ್ತಿ ನಿಲ್ಲಿಸಿ, ಸಿಂಬೆಯ ಒಳಗೆ ಇಟ್ಟರೆ ಭಯ ಇಲ್ಲ. ಎಲೆ ಒಣಗಿದ ಹಾಗೆ ಬದಲಾಯಿಸುತ್ತಿರಬೇಕು. ಪೇಟೆಯಲ್ಲಿ ಸಿಗುವುದು ಬಿಳಿ ಬತ್ತಿ. ಮೂರಕ್ಕೆ ನೇರಳೆ ಬಟ್ಟೆ ಚೂರು, ಒಂದಕ್ಕೆ ಗುಲಾಬಿ ಬಣ್ಣದ್ದು ಕಟ್ಟಿದರೆ ಸಾಕು. ಗುಲಾಬಿಯದು ಮೂರನೇ ಭಾನುವಾರಕ್ಕೆ. ಅದು ಸಂತೋಷದ ಭಾನುವಾರ.

ಆದರೆ ಬತ್ತಿ ಹಚ್ಚಿದ ಮಾತ್ರಕ್ಕೆ ಮನಸ್ಸು ತಯಾರಾಗುವುದಿಲ್ಲ. ನನಗೆ ನಿಜವಾಗಿ ಹಿಡಿತ ಕೊಟ್ಟಿದ್ದು ದಿನಕ್ಕೊಂದು ಸಾಲು. ಬೆಳಿಗ್ಗೆ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಿದ ಮೇಲೆ ನೀರು ಕುದಿಯುವವರೆಗೆ ಸ್ವಲ್ಪ ಹೊತ್ತು ಸಿಗುತ್ತದೆ. ಆಗ ಒಲೆ ಮುಂದೆಯೇ ಕೂತು ಆ ದಿನದ ವಾಚನ ಓದುತ್ತೇನೆ. ಮೊದಲ ವಾರಗಳಲ್ಲಿ ಜಾಸ್ತಿ ಬರುವುದು ಪ್ರವಾದಿ ಯೆಶಾಯ. ಅದರಲ್ಲಿ ಮನಸ್ಸಿಗೆ ತಾಗಿದ ಒಂದೇ ಸಾಲನ್ನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ದೊಡ್ಡದಾಗಿ ಬರೆದು, ನಾನು ಸುಲಿಯಲು ಕೂರುವ ಜಾಗದ ಎದುರು ಗೋಡೆಗೆ ಅಂಟಿಸುತ್ತೇನೆ. ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡುವ ಮಾತು ಯೆಶಾಯನ 2ನೇ ಅಧ್ಯಾಯದಲ್ಲಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು ಅದನ್ನು ಇಡೀ ರಾತ್ರಿ ನೋಡುತ್ತಿದ್ದರೆ, ಯಾರ ಮೇಲಿನ ಸಿಟ್ಟು ಇನ್ನೂ ಒಳಗೇ ಹರಿತವಾಗಿ ಕೂತಿದೆ ಅಂತ ತಾನಾಗಿಯೇ ಹೊಳೆಯುತ್ತದೆ.

ಈಗ ಸುಲಿಯುವ ಯಂತ್ರ ಬಂದಿದೆ. ನಮ್ಮಂಥ ಸಣ್ಣ ತೋಟದವರು ಇನ್ನೂ ಕೈಯಲ್ಲೇ ಸುಲಿಯುತ್ತೇವೆ. ಅಕ್ಕಪಕ್ಕದ ಮನೆಯವರೂ ಬರುತ್ತಾರೆ, ಅವರು ಬೇರೆ ಧರ್ಮದವರು, ಮಾತುಕತೆ ನಡೆಯುತ್ತಿರುತ್ತದೆ. ಅಲ್ಲಿ ಜಪಸರ ಹಿಡಿಯಲು ಆಗುವುದಿಲ್ಲ. ಕೈಯೆಲ್ಲ ಅಡಿಕೆ ಕಲೆ ಹತ್ತಿ ಕಪ್ಪಾಗಿರುತ್ತದೆ, ಬೆರಳು ಮಣಿ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಒಂದು ಅಡಿಕೆಗೆ ಒಂದು ಪ್ರಾರ್ಥನೆ: ‘ಪ್ರಭು ಯೇಸುವೇ, ಬನ್ನಿ.’ ಬೈಬಲಿನ ಕೊನೆಯ ಪುಟದಲ್ಲಿರುವ ಪ್ರಾರ್ಥನೆ ಇದು. ಸಿಪ್ಪೆ ಬಿಡಿಸುವಾಗ ಅರ್ಧ, ಕಾಯಿ ಬುಟ್ಟಿಗೆ ಹಾಕುವಾಗ ಇನ್ನರ್ಧ. ತುಟಿ ಅಲ್ಲಾಡುವುದೂ ಬೇಡ. ಮಾತಿಗೆ ಮಾತು ಕೊಡಬೇಕಾದಾಗ ಬಿಟ್ಟು, ಮತ್ತೆ ಹಿಡಿಯುತ್ತೇನೆ. ನಿದ್ದೆಗೆ ತೂಕಡಿಸುವ ಹೊತ್ತಿನಲ್ಲಿ ‘ಎಚ್ಚರವಾಗಿರಿ’ ಎಂಬ ಮಾತು ಬರೀ ಮಾತಾಗಿ ಉಳಿಯುವುದಿಲ್ಲ.

ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳಲು, ಎರಡನೇ ವಾರದಲ್ಲೇ ಹೋಗುತ್ತೇನೆ. ಹಬ್ಬದ ಹಿಂದಿನ ದಿನಗಳಲ್ಲಿ ಸಾಲು ಉದ್ದ, ಗುರುಗಳಿಗೂ ದಣಿವು, ನಮಗೂ ಅವಸರ. ಅದಕ್ಕೆ ತಯಾರಾಗಲು ನಾನು ಹತ್ತು ಕಟ್ಟಳೆಗಳ ಜೊತೆಗೆ ಲೂಕನ 3ನೇ ಅಧ್ಯಾಯ ಇಟ್ಟುಕೊಳ್ಳುತ್ತೇನೆ. ಯೇಸುವಿಗೆ ದಾರಿ ಸಿದ್ಧ ಮಾಡಲು ಬಂದ ಸ್ನಾನಿಕ ಯೊವಾನ್ನನನ್ನು ಜನ ಬಂದು ಕೇಳುತ್ತಾರೆ, ಹಾಗಾದರೆ ನಾವೇನು ಮಾಡಬೇಕು ಅಂತ. ಅವನು ಯಾರಿಗೂ ಮರಳುಗಾಡಿಗೆ ಬನ್ನಿ ಅನ್ನುವುದಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ವಸೂಲು ಮಾಡಬಾರದು. ಸೈನಿಕರು ಯಾರನ್ನೂ ಹೆದರಿಸಿ ಕಿತ್ತುಕೊಳ್ಳಬಾರದು, ಸಂಬಳದಲ್ಲಿ ತೃಪ್ತಿಪಡಬೇಕು. ಎಲ್ಲವೂ ದುಡ್ಡು, ಬಟ್ಟೆ, ದುಡಿಮೆಯ ವಿಷಯವೇ!

ಹಾಗಾಗಿ ನನ್ನ ಆತ್ಮಶೋಧನೆಯ ಪ್ರಶ್ನೆಗಳೂ ಅಂಥವೇ. ಸುಲಿಯಲು ಬಂದವರ ಅಳತೆ ಸರಿಯಾಗಿ ಹಿಡಿದೆವಾ? ಕೂಲಿ ಬಾಕಿ ಉಳಿಸಿಕೊಂಡಿದ್ದೇವಾ? ಮಂಡಿಗೆ ಹಾಕುವ ಮಾಲಿನಲ್ಲಿ ಕಳಪೆ ಬೆರೆಸಿದೆವಾ? ಬೇಲಿ ತಕರಾರಿಗೆ ಯಾರ ಜೊತೆ ಮಾತು ಇನ್ನೂ ನಿಂತಿದೆ? ಮನೆಯವರ ಜೊತೆ ಕೂತು ಶನಿವಾರ ಸಂಜೆಯೇ ಕೂಲಿ ಲೆಕ್ಕ ಪೂರ್ತಿ ಚುಕ್ತಾ ಮಾಡಿ, ಭಾನುವಾರ ಪೂಜೆಗೆ ಹೋಗುವುದು ನಮ್ಮ ಮನೆಯ ನೇಮ. ಕೊಯ್ಲಿಗೆ ಉತ್ತರ ಕರ್ನಾಟಕದಿಂದ ಬರುವವರಿದ್ದಾರೆ, ಈಗೀಗ ಹೊರರಾಜ್ಯದವರೂ ಬರುತ್ತಾರೆ. ನಮ್ಮ ಡಿಸೆಂಬರ್ ಚಳಿ, ಇಬ್ಬನಿ ಅವರಿಗೆ ಹೊಸದು. ಎರಡು ಅಂಗಿಯ ಮಾತು ನಮ್ಮಲ್ಲಿ ಕಂಬಳಿಯ ಮಾತಾಗುತ್ತದೆ. ಕಪಾಟಿನಲ್ಲಿ ಸುಮ್ನೆ ಮಡಚಿಟ್ಟ ಕಂಬಳಿ ಇದ್ದರೆ ಅದು ಅವರದ್ದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಉಪವಾಸ ಈ ಕಾಲದಲ್ಲಿ ಕಡ್ಡಾಯ ಅಲ್ಲ. ಮೈಮುರಿದು ದುಡಿಯುವವರು ಊಟ ಬಿಡಬೇಕಾಗಿಲ್ಲ. ರಾತ್ರಿ ಮೊಬೈಲ್ ನೋಡುವುದನ್ನು ಬಿಟ್ಟರೂ ಸಾಕಷ್ಟು ದೊಡ್ಡ ತ್ಯಾಗವೇ.

ಮನೆ ಮುಂದೆ ತೂಗುವ ಕ್ರಿಸ್ಮಸ್ ನಕ್ಷತ್ರದ ವಿಷಯಕ್ಕೆ ಮಕ್ಕಳದ್ದು ಪ್ರತಿ ವರ್ಷ ತಕರಾರು. ಶಿವಮೊಗ್ಗದ ಅಂಗಡಿಗಳಲ್ಲಿ ನವೆಂಬರ್‌ನಲ್ಲೇ ತೂಗಿಬಿಟ್ಟಿರುತ್ತಾರೆ. ‘ಅಮ್ಮಾ, ಎಲ್ಲರ ಮನೇಲೂ ಹಾಕಿದ್ದಾರೆ’ ಅಂತ ಶುರು. ನಾನು ಡಿಸೆಂಬರ್ 17ರವರೆಗೆ ಕಾಯಿಸುತ್ತೇನೆ. ಯಾಕೆಂದರೆ ಪೂಜಾವಿಧಿಯೂ ಅವತ್ತೇ ತಿರುಗುತ್ತದೆ. ಡಿಸೆಂಬರ್ 16ರವರೆಗೆ ಪ್ರಭು ಮಹಿಮೆಯಲ್ಲಿ ಮತ್ತೆ ಬರುವುದರ ನೆನಪು ಮುಂದಿರುತ್ತದೆ. 17ರಿಂದ 24ರವರೆಗೆ ನೇರವಾಗಿ ಬೆತ್ಲೆಹೇಮಿನ ದಾರಿ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನೂ ಆಗಲೇ ಕಟ್ಟುತ್ತೇವೆ. ಬಾಲಯೇಸುವಿನ ಹುಲ್ಲಿನ ಹಾಸಿಗೆ ಮಾತ್ರ ಖಾಲಿ. ಮಕ್ಕಳು ಯಾರಿಗೂ ಹೇಳದೆ ಒಂದು ಒಳ್ಳೆ ಕೆಲಸ ಮಾಡಿದರೆ ಒಂದು ಹುಲ್ಲೆಳೆ ತಂದು ಅದರಲ್ಲಿ ಇಡಬಹುದು.

ಆ ದಿನಗಳ ಶುಭಸಂದೇಶ ವರ್ಷ ವರ್ಷವೂ ಅದೇ. 17ಕ್ಕೆ ಯೇಸುವಿನ ವಂಶಾವಳಿ. ಹೆಸರುಗಳ ಉದ್ದ ಪಟ್ಟಿ ಅಂತ ತುಂಬ ಜನ ಹಾರಿಸಿಬಿಡುತ್ತಾರೆ. ನಾವು ಅದನ್ನು ಪೂರ್ತಿ ಓದಿ, ಆಮೇಲೆ ನಮ್ಮ ಹಿರಿಯರ ಹೆಸರು ಹೇಳುತ್ತೇವೆ. ಆಗುಂಬೆ ಘಾಟಿ ಹತ್ತಿ ಬಂದು ಇಲ್ಲಿ ತೋಟ ಮಾಡಿದವರು, ನಮಗೆ ಶಿಲುಬೆ ಗುರುತು ಹಾಕಲು ಕಲಿಸಿದವರು. ಅತ್ತೆಗೆ ನೆನಪಿರುವಷ್ಟು ಹೆಸರು ನಮಗೆ ಯಾರಿಗೂ ಇಲ್ಲ. ಅವರು ಹೇಳುತ್ತಾ ಹೋಗುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ. 18ಕ್ಕೆ ಸಂತ ಜೋಸೆಫರ ಕನಸು, 19ಕ್ಕೆ ಸ್ನಾನಿಕ ಯೊವಾನ್ನನ ತಂದೆ ಜಕರೀಯ, 20ಕ್ಕೆ ದೇವದೂತ ಗಬ್ರಿಯೇಲ ಮರಿಯಮ್ಮನವರ ಬಳಿ ಬಂದಿದ್ದು.

21ನೇ ತಾರೀಕು ನನಗೆ ಎಲ್ಲಕ್ಕಿಂತ ಇಷ್ಟ. ಅವತ್ತು ಯೇಸುವಿನ ತಾಯಿ ಮರಿಯಮ್ಮನವರು ತಮ್ಮ ಬಂಧು, ಜಕರೀಯನ ಹೆಂಡತಿ ಎಲಿಜಬೇತಮ್ಮನನ್ನು ನೋಡಲು ಹೊರಡುತ್ತಾರೆ. ಎಲ್ಲಿಗೆ? ಬೆಟ್ಟಗುಡ್ಡದ ಸೀಮೆಗೆ, ಅದೂ ಅವಸರವಾಗಿ. ಮಲೆನಾಡಿನವರಿಗೆ ಇದನ್ನು ಕೇಳಿದರೆ ನಮ್ಮ ಮನೆ ದಾರಿಯಲ್ಲೇ ಬರುತ್ತಿದ್ದಾರೇನೋ ಅನ್ನಿಸುತ್ತದೆ. ಸಂಜೆಯ ಪ್ರಾರ್ಥನೆಯಲ್ಲಿ 17ರಿಂದ 23ರವರೆಗೆ ಹಾಡುವ ಏಳು ಹಳೆಯ ಕರೆಗಳಿವೆ. 21ರ ಕರೆ ‘ಓ ಉದಯಸೂರ್ಯನೇ, ಬನ್ನಿ, ಕತ್ತಲಲ್ಲಿ ಕೂತವರಿಗೆ ಬೆಳಕು ಕೊಡಿ’ ಎಂಬ ಅರ್ಥದ್ದು. ವರ್ಷದ ಅತಿ ಚಿಕ್ಕ ಹಗಲೂ ಹೆಚ್ಚುಕಡಿಮೆ ಅವತ್ತೇ. ಎಷ್ಟೇ ಅಡಿಕೆ ಬಿದ್ದಿರಲಿ, ಅವತ್ತು ಅರ್ಧ ದಿನ ಬಿಡುವು ಮಾಡಿಕೊಂಡು ಚರ್ಚ್‌ಗೆ ಬರಲಾಗದ ವಯಸ್ಸಾದವರ ಮನೆಗೆ ಹೋಗುತ್ತೇನೆ. ಹಿತ್ತಲ ಬಾಳೆಗೊನೆ, ಸ್ವಲ್ಪ ಹೊಸ ಅಕ್ಕಿ ಒಯ್ದು, ಅವರ ಜೊತೆ ಜಪಸರದಲ್ಲಿ ಯೇಸುವಿನ ಜನನ, ಬಾಲ್ಯವನ್ನು ನೆನೆಯುವ ಸಂತೋಷದ ರಹಸ್ಯಗಳನ್ನು ಹೇಳಿ ಬರುತ್ತೇನೆ.

ಕೊಯ್ಲಿನ ಭರದಲ್ಲಿ ಇಷ್ಟೆಲ್ಲ ಹೇಗೆ ಅನ್ನುವವರು ಹಾರ, ಗೋದಲಿ ಎಲ್ಲ ಬಿಟ್ಟುಬಿಡಿ. ಒಲೆ ಮುಂದಿನ ಒಂದು ಸಾಲು ಮತ್ತು ಎರಡನೇ ವಾರದ ಪಾಪನಿವೇದನೆ, ಇವೆರಡನ್ನು ಮಾತ್ರ ಬಿಡಬೇಡಿ. 2026ರಲ್ಲಿ ಮೊದಲ ಭಾನುವಾರ ನವೆಂಬರ್ 29. ಅಡಿಕೆ ಕೊನೆ ಕೊಯ್ಯುವವರಿಗೆ ದಿನ ಗೊತ್ತು ಮಾಡುವಾಗಲೇ ಅದನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.