ಮಣಿ ಸರ ಬಿಟ್ಟೆ, ಇನ್ಸುಲಿನ್ ಮಡಚಿತು

'ಏನ್ರೀ ಸರ್, ಪ್ರೋಟೀನಿಗೆ ಕದ ಕೂಡಿಸಾಕತ್ತೀರೇನು?' ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ಮಾಡೆಲ್ ತಮ್ಮ ಕ್ಲಾಸಿಗೆ ಒಯ್ಯುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಪ್ರೋಟೀನ್ ಅಂದರೆ ನಾವೆಲ್ಲ ಮಣಿ ಪೋಣಿಸಿ ತೋರಿಸೋರೇ, ಅಲ್ವಾ? ಮಣಿ ಸರ ಹೇಗೆ ಬೇಕಾದರೂ ಬಾಗುತ್ತದೆ. ಆದರೆ ಒಂದು ಅಮೈನೋ ಆಮ್ಲವನ್ನು ಇನ್ನೊಂದಕ್ಕೆ ಕೂಡಿಸುವ ಪೆಪ್ಟೈಡ್ ಬಂಧ ಚಪ್ಪಟೆ, ಅದು ತಿರುಗುವುದಿಲ್ಲ. ತಿರುಗುವುದು ಪ್ರತಿ ಆಮ್ಲದ ನಡುವಿನ ಕಾರ್ಬನ್, ಅಂದರೆ ಆಲ್ಫಾ ಕಾರ್ಬನ್ನಿನ ಆಚೆ ಈಚೆ ಮಾತ್ರ. ಅಲ್ಲೂ ಎಲ್ಲ ಕೋನ ನಡೆಯುವುದಿಲ್ಲ ಎಂದು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ತಂಡ 1963ರಲ್ಲೇ ತೋರಿಸಿತ್ತು.

ಮೊದಲು ಅಲ್ಯೂಮಿನಿಯಂ ತಂತಿ ತಂದೆ. ಮಕ್ಕಳು ಜಿಲೇಬಿ ಮಾಡಿಟ್ಟರು. ಆಮೇಲೆ ಪ್ಲಾಸ್ಟಿಕ್ ಪಟ್ಟಿ, ಗ್ಲೂ ಗನ್. ಏಪ್ರಿಲ್ ಬಿಸಿಲಿಗೆ ಸ್ಕೂಟರ್ ಡಿಕ್ಕಿಯಲ್ಲೇ ಅಂಟು ಮೆತ್ತಗಾಗಿ ಹೆಲಿಕ್ಸ್ (ಪ್ರೋಟೀನ್ ಸರದ ಸುರುಳಿ) ಬಿಚ್ಚಿಕೊಂಡಿತು. ಎರಡಕ್ಕೂ ಸೇರಿ ಎಂಟುನೂರು ರೂಪಾಯಿ ಹೋಗಿರಬೇಕು.

ಕೆಲಸಕ್ಕೆ ಬಂದದ್ದು ಬ್ಯಾನರ್ ಅಂಗಡಿಯ ಸನ್‌ಬೋರ್ಡ್ ಚೂರು. ಪುಕ್ಕಟೆ. ಒಂದು ಹಲಗೆ ಅಂದರೆ ಒಂದು ಪೆಪ್ಟೈಡ್ ಬಂಧ, ಅಂದರೆ ಆ ಬಂಧ ಕೂಡುವಾಗ ಹೊರಗೆ ಹೋದ ಒಂದು ನೀರಿನ ಅಣು. ಇನ್ಸುಲಿನ್‌ನಲ್ಲಿ 21 ಮತ್ತು 30 ಆಮ್ಲಗಳ ಎರಡು ಸರ, ಬಂಧ ಸರಕ್ಕೆ ಒಂದು ಕಡಿಮೆ, ಹಾಗಾಗಿ 20 ಮತ್ತು 29 ಸೇರಿ 49 ಹಲಗೆ. ಹಲಗೆಗಳ ನಡುವೆ ಕೀಲು. ಬಿಗಿಯಾಗಿ ನಿಂತೂ ತಿರುಗಲಿ ಎಂದು ಕೀಲಿಗೆ ಏನು ಹಾಕಿದೆ ಅನ್ನೋದು ನನ್ನಲ್ಲೇ ಇರಲಿ. ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ, ಅಷ್ಟೇ.

ದುಡ್ಡು ತಿಂದದ್ದು ಹೈಡ್ರೋಜನ್ ಬಂಧದ ಬದಲಿಗೆ ಹಾಕಿದ ಆಯಸ್ಕಾಂತ, ಸುಮಾರು ಆರುನೂರು. ಹಲಗೆಯ ಸಿಓ (ಕಾರ್ಬನ್, ಆಮ್ಲಜನಕ) ಕಡೆ ಒಂದು ಧ್ರುವ ಹೊರಗೆ, ಎನ್‌ಎಚ್ (ಸಾರಜನಕ, ಜಲಜನಕ) ಕಡೆ ಇನ್ನೊಂದು. ಸರವನ್ನು ಬಲಕ್ಕೆ ಸುತ್ತುತ್ತ ಹೋದರೆ ಒಂದು ಆಮ್ಲದ ಸಿಓ, ಅಲ್ಲಿಂದ ನಾಲ್ಕನೇ ಆಮ್ಲದ ಎನ್‌ಎಚ್‌ಗೆ ಟಕ್ ಅಂತ ಕಚ್ಚುತ್ತದೆ. ಸುತ್ತಿಗೆ 3.6 ಆಮ್ಲ ಅಂತ ಆಮೇಲೆ ಬೋರ್ಡಿನ ಮೇಲೆ ಬರೆದರಾಯಿತು. ಪ್ರೋಲಿನ್ ಎಂಬ ಆಮ್ಲ ಬಂದಲ್ಲಿ ಎನ್‌ಎಚ್ ಇಲ್ಲ, ಆಯಸ್ಕಾಂತವೂ ಇಲ್ಲ. ಹೆಲಿಕ್ಸ್ ಅಲ್ಲೇ ಸೊಟ್ಟಗಾಗುತ್ತದೆ.

ಸಿಸ್ಟೀನ್ ಎಂಬ ಆಮ್ಲಗಳು ಜೋಡಿಯಾಗಿ ಕೂಡುವ ಗಂಧಕದ ಬಂಧಕ್ಕೆ ಟಿಚ್ ಬಟನ್ ಹಾಕಿ ನೋಡಿದೆ. ಅದರಲ್ಲಿ ಗಂಡು ಹೆಣ್ಣು ಇರುವುದರಿಂದ ಉತ್ತರ ಅರ್ಧ ಗೊತ್ತಾಗಿಬಿಡುತ್ತದೆ. ಸೇಫ್ಟಿ ಪಿನ್ನೇ ಸರಿ. ಆರು ಸಿಸ್ಟೀನ್‌ಗಳನ್ನು ಜೋಡಿ ಮಾಡಲು 15 ದಾರಿ, ಸರಿಯಾದದ್ದು ಒಂದೇ. ಎರಡು ಸರ ಬಿಡಿಬಿಡಿಯಾಗಿ ಕೊಟ್ಟೆ, ಒಂದು ಗುಂಪೂ ಸರಿ ಜೋಡಿಸಲಿಲ್ಲ. ಆಮೇಲೆ ನಡುವೆ ರಿಬ್ಬನ್ ಕಟ್ಟಿ ಒಂದೇ ಸರ ಮಾಡಿದೆ. ಮೇದೋಜೀರಕದಲ್ಲೂ ಅಷ್ಟೇ ಅಲ್ವಾ, ಇನ್ಸುಲಿನ್ನಿನ ಮೊದಲ ರೂಪವಾದ ಒಂದೇ ಸರದ ಪ್ರೋಇನ್ಸುಲಿನ್ ಮೊದಲು ಮಡಚಿಕೊಂಡು, ನಡುವಿನ ತುಂಡು (ಸಿ ಪೆಪ್ಟೈಡ್) ಆಮೇಲೆ ಕತ್ತರಿಸಿ ಹೋಗುತ್ತದೆ. ಈಗ ಪಿನ್ನುಗಳು ಹತ್ತಿರ ಬಂದವು. ಹಿಂದಿನ ಬೆಂಚಿನ ಹುಡುಗಿ ಪಿನ್ ಹಾಕಿ, ಕತ್ತರಿ ಕೇಳಿ ಇಸಿದುಕೊಂಡು ರಿಬ್ಬನ್ ಕತ್ತರಿಸಿದಳು. ಆಕಾರ ಕೆಡಲಿಲ್ಲ.

ಸುಮ್ನೆ ಇನ್ನೊಂದು ಮಾಡಿದೆ. ಎಮ್ಮೆ ಕರು ಹಾಕಿದವರ ಮನೆಯಿಂದ ಗಿಣ್ಣದ ಹಾಲು ತಂದು, ದಿನದ ಹಾಲಿನ ಪಕ್ಕದಲ್ಲೇ ಕಾಯಿಸಿದೆ. ಗಿಣ್ಣ ಗಟ್ಟಿಯಾಯಿತು, ಹಾಲು ಕುದಿದು ಉಕ್ಕಿತು. ಗಿಣ್ಣದಲ್ಲಿ ಮಡಚಿದ ಪ್ರತಿಕಾಯಗಳು ಜಾಸ್ತಿ, ಬಿಸಿಗೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದಿನದ ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್‌ಗೆ ಬಿಚ್ಚಲು ಅಂಥ ಮಡಿಕೆಯೇ ಇಲ್ಲ. ಬೆಲ್ಲ ಏಲಕ್ಕಿ ಹಾಕಿದ್ದರಿಂದ ಪ್ರಯೋಗದ ಸ್ಯಾಂಪಲ್ ಉಳಿಯಲಿಲ್ಲ.

ಜಮಖಂಡಿಯ ಒಬ್ಬ ಮೇಷ್ಟ್ರು ಮಾಡೆಲ್ ಕೇಳಿದ್ದಾರೆ. ಹಲಗೆ ಕತ್ತರಿಸಿ ಕೊಡುತ್ತೇನೆ. ಆಯಸ್ಕಾಂತ ಅವರೇ ತರಬೇಕು.