ಅಗ್ನಿವೀರ್ ಅರ್ಜಿ ಹಾಕಿದ ಮೇಲೆ: ಕಾಯುವ ತಿಂಗಳುಗಳಲ್ಲಿ ಏನೇನು ಮಾಡಬೇಕು

ಹಾನಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಪಿಂಚಣಿ ಅರ್ಜಿ, ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಇವು ದಿನದ ಕೆಲಸ. ಸೇನೆಗೆ ನಾಲ್ಕು ವರ್ಷದ ಮಟ್ಟಿಗೆ ಸೇರುವ ಸೈನಿಕರ, ಅಂದರೆ ಅಗ್ನಿವೀರರ ಭರ್ತಿಯ ಪ್ರಕಟಣೆ ಬಂದಾಗ ಮಾತ್ರ ಬೆಂಚಿನ ತುಂಬ ಹುಡುಗರು. ಅರ್ಜಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಆಮೇಲಿನ ತಿಂಗಳುಗಳಲ್ಲಿ. "ಅಕ್ಕಾರ, ಲಿಸ್ಟ್ ಬಂತೇನ್ರೀ?" ಅಂತ ದಿನಾ ಬಂದು ಕೇಳುತ್ತಾರೆ. ಮನೆಯಲ್ಲಿ ಅಪ್ಪ ಕೇಳುತ್ತಾರೆ, ಕಟ್ಟೆಯ ಮೇಲೆ ಕೂತವರು "ಏನಾತೋ ನಿನ್ನ ಮಿಲಿಟ್ರಿ?" ಅನ್ನುತ್ತಾರೆ. ನನ್ನ ತಮ್ಮನೂ ಈ ದಾರಿಯಲ್ಲೇ ಹೋದವನು, ಈಗ ಸೇನೆಯಲ್ಲಿದ್ದಾನೆ. ಅವನ ಜೊತೆ ಕಾದಿದ್ದರಿಂದ, ಇಷ್ಟು ಹುಡುಗರ ಕಾಗದ ಪತ್ರ ನೋಡಿದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಸೇನೆ ಮುಂದಿನ ಹಂತದಲ್ಲಿ ಏನು ಕೇಳುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಅದನ್ನು ಈ ಹಂತದಲ್ಲೇ ಸಿದ್ಧ ಮಾಡುತ್ತಾ ಹೋದ ಹುಡುಗರು ಕಾಯುವಾಗ ಅಷ್ಟು ಒದ್ದಾಡುವುದಿಲ್ಲ.

ಮೊದಲು ದಾರಿ ನೋಡಿಕೊಳ್ಳಿ. 2023ರಿಂದ ಕ್ರಮ ಬದಲಾಗಿದೆ. ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪ್ರವೇಶ ಪರೀಕ್ಷೆ. ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ರ‍್ಯಾಲಿ. ಓಟ, ಅಳತೆ, ದಾಖಲೆ ಪರಿಶೀಲನೆ, ವೈದ್ಯಕೀಯ ಎಲ್ಲ ಅಲ್ಲಿ. ಕೊನೆಗೆ ಮೆರಿಟ್ ಲಿಸ್ಟ್. 2025ರಲ್ಲಿ ಅರ್ಜಿ ಶುರುವಾದದ್ದು ಮಾರ್ಚ್ 12ಕ್ಕೆ, ಪರೀಕ್ಷೆ ಶುರುವಾದದ್ದು ಜೂನ್ 30ಕ್ಕೆ. ನಡುವೆ ಮೂರು ತಿಂಗಳಿಗೂ ಜಾಸ್ತಿ. ಪರೀಕ್ಷೆ ಮುಗಿದ ಮೇಲೆ ಫಲಿತಾಂಶಕ್ಕೆ ಕಾಯಬೇಕು, ರ‍್ಯಾಲಿಗೆ ಕಾಯಬೇಕು, ಮೆರಿಟ್ ಲಿಸ್ಟ್‌ಗೆ ಮತ್ತೆ ಕಾಯಬೇಕು. ಇಷ್ಟು ಸಮಯ ಹಿಡಿಯುವುದು ಎಲ್ಲರಿಗೂ ಸಹಜ. ತಡವಾಯಿತು ಅಂದರೆ ನಿಮ್ಮ ಅರ್ಜಿ ಎಲ್ಲೋ ಕಳೆದುಹೋಯಿತು ಅಂತ ಅರ್ಥ ಅಲ್ಲ.

ನಮ್ಮ ರಾಜ್ಯದಲ್ಲಿ ಸೇನಾ ಭರ್ತಿ ಕಚೇರಿಗಳು ಬೆಂಗಳೂರು, ಬೆಳಗಾವಿ, ಮಂಗಳೂರಿನಲ್ಲಿವೆ. ಹಾವೇರಿ ಜಿಲ್ಲೆಯವರು ಮಂಗಳೂರು ಕಚೇರಿಗೆ ಸೇರುತ್ತೇವೆ. ಬೆಳಗಾವಿ ನಮಗೆ ಹತ್ತಿರ ಅಂತ ಅಲ್ಲಿಯ ಸುದ್ದಿ ಕೇಳಿ ಗಾಬರಿಯಾಗುವ ಹುಡುಗರು ಬಹಳ. ಬೇರೆ ಕಚೇರಿಯ ರ‍್ಯಾಲಿ ಮುಗಿದರೆ ನಿಮ್ಮದು ಮುಗಿದಂತಲ್ಲ. ನಿಮ್ಮ ಜಿಲ್ಲೆ ಯಾವ ಕಚೇರಿಯ ಕೆಳಗೆ ಬರುತ್ತದೆ ಅಂತ ಅಧಿಸೂಚನೆಯಲ್ಲೇ ಇರುತ್ತದೆ. ಆ ಕಚೇರಿಯ ಸುದ್ದಿಯನ್ನಷ್ಟೇ ನೋಡಿ.

ಮೊಬೈಲ್ ಮತ್ತು ಇ-ಮೇಲ್

ಇದು ಸಣ್ಣ ವಿಷಯ ಅನಿಸುತ್ತದೆ. ಆದರೆ ನನ್ನ ಕಣ್ಣೆದುರಿಗೆ ಅತಿ ಹೆಚ್ಚು ಹುಡುಗರು ಅತ್ತದ್ದು ಇದಕ್ಕೇ. ಪ್ರವೇಶ ಪತ್ರ ಮನೆಗೆ ಅಂಚೆಯಲ್ಲಿ ಬರುವುದಿಲ್ಲ. ಜಾಯಿನ್ ಇಂಡಿಯನ್ ಆರ್ಮಿ ವೆಬ್‌ಸೈಟ್‌ನಲ್ಲಿ ನಿಮ್ಮ ಲಾಗಿನ್‌ನಿಂದಲೇ ಇಳಿಸಿಕೊಳ್ಳಬೇಕು. ಅರ್ಜಿ ತುಂಬುವ ದಿನ ಅವಸರದಲ್ಲಿ ಅಂಗಡಿಯವರ ಇ-ಮೇಲ್ ಕೊಡುತ್ತಾರೆ, ಗೆಳೆಯನ ನಂಬರ್ ಕೊಡುತ್ತಾರೆ. ಮೂರು ತಿಂಗಳಾದ ಮೇಲೆ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಸಿಮ್ ರೀಚಾರ್ಜ್ ಮಾಡದೆ ಬಂದ್ ಆಗಿರುತ್ತದೆ, ಒಟಿಪಿ ಬರುವುದಿಲ್ಲ.

ಅದಕ್ಕೆ ನಿಮ್ಮದೇ ಇ-ಮೇಲ್ ಮಾಡಿಕೊಳ್ಳಿ. ನಿಮ್ಮದೇ ನಂಬರ್ ಕೊಡಿ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯಲ್ಲಿ ಇಡಿ. ಭರ್ತಿ ಮುಗಿಯುವವರೆಗೆ ನಂಬರ್ ಬದಲಿಸಬೇಡಿ, ರೀಚಾರ್ಜ್ ತಪ್ಪಿಸಬೇಡಿ. ವಾರಕ್ಕೆ ಎರಡು ಸಲ ನೀವೇ ಲಾಗಿನ್ ಆಗಿ ನೋಡಿ, ಅದಕ್ಕೆ ದಿನ ಗೊತ್ತು ಮಾಡಿಕೊಳ್ಳಿ. ಉಳಿದ ದಿನ ಮರೆತುಬಿಡಿ. ದಿನಕ್ಕೆ ಹತ್ತು ಸಲ ನೋಡಿದರೆ ಲಿಸ್ಟ್ ಬೇಗ ಬರುವುದಿಲ್ಲ, ಓದು ಕೆಡುತ್ತದೆ ಅಷ್ಟೇ. ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್ ನಂಬಬೇಡಿ. ವೆಬ್‌ಸೈಟ್‌ನಲ್ಲಿ ಬಂದದ್ದು ಮಾತ್ರ ಲಿಸ್ಟ್.

ಕಾಗದ ಪತ್ರ: ಬೇಗ ಮಾಡಿಸುವುದು, ತಡವಾಗಿ ಮಾಡಿಸುವುದು

ಎಲ್ಲ ಪ್ರಮಾಣಪತ್ರಗಳನ್ನೂ ಮೊದಲೇ ಮಾಡಿಸಿ ಇಟ್ಟುಕೊಳ್ಳಿ ಅಂತ ಸುಮ್ನೆ ಹೇಳುವವರಿದ್ದಾರೆ. ಹಾಗೆ ಮಾಡಿದರೆ ಕೆಲವು ರ‍್ಯಾಲಿ ಹೊತ್ತಿಗೆ ಹಳೆಯದಾಗಿರುತ್ತವೆ. ಆದ್ದರಿಂದ ಎರಡು ಭಾಗ ಮಾಡಿ.

ಇವತ್ತೇ ಶುರು ಮಾಡಬೇಕಾದ್ದು ಹೆಸರಿನ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಒಂದೊಂದು ಅಕ್ಷರ ಹೋಲಿಸಿ. ನಮ್ಮ ಕಡೆ ಈ ತೊಂದರೆ ಮನೆಮನೆಯಲ್ಲೂ ಇದೆ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ ಇರುತ್ತದೆ. ಒಂದರಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸಪ್ಪ. ತಾಯಿಯ ಹೆಸರೂ ಹೀಗೇ, ಗಂಗವ್ವ ಅಂತ ಒಂದು ಕಡೆ, ಗಂಗಮ್ಮ ಅಂತ ಇನ್ನೊಂದು ಕಡೆ. ಹುಟ್ಟಿದ ತಾರೀಖನ್ನು ತಪ್ಪದೆ ನೋಡಿ. ಸೇನೆ ಹತ್ತನೇ ತರಗತಿಯ ಅಂಕಪಟ್ಟಿಯನ್ನೇ ಆಧಾರವಾಗಿ ನೋಡುತ್ತದೆ. ಆದ್ದರಿಂದ ಆಧಾರ್ ತಪ್ಪಿದ್ದರೆ ಅದನ್ನು ಅಂಕಪಟ್ಟಿಗೆ ಹೊಂದಿಸಿ. ಆಧಾರ್‌ನಲ್ಲಿ ಹುಟ್ಟಿದ ತಾರೀಖನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಲು ಬಿಡುತ್ತಾರೆ, ಹಾಗಾಗಿ ಎರಡು ಸಲ ಓದಿ ಸಹಿ ಹಾಕಿ. ಅಂಕಪಟ್ಟಿಯೇ ತಪ್ಪಿದ್ದರೆ ಶಾಲೆಯ ಹೆಡ್‌ಮಾಸ್ತರ್ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ರ‍್ಯಾಲಿಯ ತಾರೀಖು ಬಂದ ಮೇಲೆ ಶುರು ಮಾಡಿದರೆ ಆಗುವುದೇ ಇಲ್ಲ. ಜಾತಿ ಮತ್ತು ವಾಸಸ್ಥಳ ಪ್ರಮಾಣಪತ್ರಕ್ಕೂ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ.

ತಡವಾಗಿ ಮಾಡಿಸಬೇಕಾದವು ನಡತೆ ಪ್ರಮಾಣಪತ್ರ ಮತ್ತು ಅವಿವಾಹಿತ ಪ್ರಮಾಣಪತ್ರ. ಇವು ರ‍್ಯಾಲಿಯ ದಿನಕ್ಕೆ ಆರು ತಿಂಗಳ ಒಳಗಿನವು ಇರಬೇಕು. ಪರೀಕ್ಷೆಯ ಫಲಿತಾಂಶದಲ್ಲಿ ನಿಮ್ಮ ನಂಬರ್ ಕಂಡ ದಿನ ಪಂಚಾಯ್ತಿಗೆ ಹೋಗಿ. ಅವಿವಾಹಿತ ಪತ್ರದ ಮೇಲೆ ಫೋಟೋ ಅಂಟಿಸಿ, ಅದರ ಮೇಲೆ ಸೀಲು ಬೀಳಬೇಕು. ಪೊಲೀಸ್ ಪರಿಶೀಲನೆಗೆ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು. ಠಾಣೆಯಿಂದ ಕರೆ ಬಂದಾಗ ಊರಲ್ಲೇ ಇರಿ. ಈ ಪತ್ರಗಳ ಜೊತೆ ಒಂದು ಅಫಿಡವಿಟ್ ಕೂಡ ಒಯ್ಯಬೇಕು, ಅದರ ನಮೂನೆ ಅಧಿಸೂಚನೆಯ ಜೊತೆಗೇ ಇರುತ್ತದೆ. ಅದನ್ನೇ ಪ್ರಿಂಟ್ ತೆಗೆದು ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ, ನೋಟರಿ ಸಹಿ ಹಾಕಿಸಿ. ಕೋರ್ಟಿನ ಮುಂದೆ ಕೂರುವವರು ತಮಗೆ ರೂಢಿಯಿರುವ ನಮೂನೆಯಲ್ಲಿ ಬರೆದುಕೊಟ್ಟರೆ ಒಪ್ಪಬೇಡಿ. ಫೋಟೋ ಬಿಳಿ ಹಿನ್ನೆಲೆಯದ್ದು, ಇತ್ತೀಚಿನದ್ದು, ಸ್ಟುಡಿಯೋದವರು ಮುಖ ತಿದ್ದದೇ ಇರುವುದು. ಇಪ್ಪತ್ತು ಪ್ರತಿ ತೆಗೆಸಿಡಿ. ಎನ್‌ಸಿಸಿ ಪ್ರಮಾಣಪತ್ರ ಇದ್ದರೆ ಮೂಲಪ್ರತಿ ತೆಗೆದಿಡಿ, ಅದಕ್ಕೆ ಹೆಚ್ಚುವರಿ ಅಂಕ ಸಿಗುತ್ತದೆ. ಪಿಯುಸಿಯಲ್ಲಿ ಓದುತ್ತಿರುವ ತಮ್ಮಂದಿರು ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಈಗಲೇ ಸೇರಿಕೊಳ್ಳಿ.

ಪರೀಕ್ಷೆ

2025ರಿಂದ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನನಗೆ ಇದು ತುಂಬಾ ಸಂತೋಷ ಕೊಟ್ಟ ವಿಷಯ. ಗಣಿತ, ವಿಜ್ಞಾನ ಚೆನ್ನಾಗಿ ಬರುವ ಹುಡುಗರು ಬರೀ ಪ್ರಶ್ನೆ ಅರ್ಥವಾಗದೆ ಬಿಟ್ಟು ಬರುತ್ತಿದ್ದರು. ಅರ್ಜಿಯಲ್ಲಿ ಭಾಷೆ ಆರಿಸುವಾಗ ನಾಚಿಕೊಳ್ಳದೆ ಕನ್ನಡ ಆರಿಸಿ.

ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, ಒಂದು ಗಂಟೆಯಲ್ಲಿ 50 ಪ್ರಶ್ನೆ, ಒಟ್ಟು 100 ಅಂಕ. ಸರಿ ಉತ್ತರಕ್ಕೆ 2, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಕಣ್ಣು ಮುಚ್ಚಿ ಒತ್ತುವುದು ಬೇಡ. ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ, ವಿಜ್ಞಾನ ಪುಸ್ತಕಗಳನ್ನು ತೆಗೆದು ಕೂತರೆ ಅಡಿಪಾಯ ಗಟ್ಟಿಯಾಗುತ್ತದೆ. ಇನ್ನೊಂದು ಮಾತು. ನಮ್ಮ ಹುಡುಗರಿಗೆ ಮೊಬೈಲ್ ಗೊತ್ತು, ಮೌಸ್ ಗೊತ್ತಿಲ್ಲ. ಪರೀಕ್ಷೆಗೆ ಮುಂಚೆ ಕಂಪ್ಯೂಟರಿನ ಮುಂದೆ ಕೂತು ಅಣಕು ಪರೀಕ್ಷೆ ಬರೆಯಿರಿ. ಸೇನೆಯ ವೆಬ್‌ಸೈಟ್‌ನಲ್ಲೇ ಅದಕ್ಕೆ ಕೊಂಡಿ ಇರುತ್ತದೆ. ಸಂಜೆ ಜನ ಕಡಿಮೆ ಇದ್ದಾಗ ಬಂದು ಕೇಳಿದವರಿಗೆ ನಾನು ಕಂಪ್ಯೂಟರ್ ಬಿಟ್ಟುಕೊಡುತ್ತೇನೆ. ನಿಮ್ಮೂರಿನ ಕೇಂದ್ರದಲ್ಲೂ ಕೇಳಿ ನೋಡಿ.

ಓಟ

ಫಲಿತಾಂಶ ಬಂದ ಮೇಲೆ ಓಡೋಣ ಅನ್ನುವವರು ರ‍್ಯಾಲಿಯಲ್ಲಿ ಉಳಿಯುವುದಿಲ್ಲ. 1.6 ಕಿಲೋಮೀಟರ್ ಓಟವನ್ನು 5 ನಿಮಿಷ 30 ಸೆಕೆಂಡಿನ ಒಳಗೆ ಮುಗಿಸಿದರೆ 60 ಅಂಕ. ಹತ್ತು ಪುಲ್ಲಪ್‌ಗೆ 40 ಅಂಕ. ಒಂಬತ್ತು ಅಡಿಯ ಗುಂಡಿ ಹಾರಬೇಕು, ಅಂಕುಡೊಂಕು ಹಲಗೆಯ ಮೇಲೆ ಬೀಳದೆ ನಡೆಯಬೇಕು, ಇವೆರಡರಲ್ಲಿ ಪಾಸಾದರೆ ಸಾಕು. ತಡವಾಗಿ ಮುಟ್ಟುವವರಿಗೆ ಎಷ್ಟು ಅಂಕ ಅನ್ನುವುದನ್ನು ಆ ವರ್ಷದ ಅಧಿಸೂಚನೆಯಲ್ಲಿ ನೋಡಿ.

ನಿಮ್ಮೂರ ಶಾಲೆಯ ಮೈದಾನದಲ್ಲಿ ಟೇಪು ಹಿಡಿದು 200 ಮೀಟರ್‌ನ ಸುತ್ತು ಅಳೆಯಿರಿ. ಎಂಟು ಸುತ್ತು ಹಾಕಬೇಕು. ಒಂದು ಸುತ್ತಿಗೆ 41 ಸೆಕೆಂಡು. ಶುರುವಿನಲ್ಲೇ ಎಲ್ಲರನ್ನೂ ಹಿಂದೆ ಹಾಕುವ ಆಸೆಗೆ ಮೊದಲ ಸುತ್ತು 33ಕ್ಕೆ ಓಡಿದವನು ಆರನೇ ಸುತ್ತಿನಲ್ಲಿ ಹೊಟ್ಟೆ ಹಿಡಿದು ಕೂರುತ್ತಾನೆ. ನನ್ನ ತಮ್ಮನಿಗೆ ನಾನೇ ಮೊಬೈಲ್ ಹಿಡಿದು ಸಮಯ ನೋಡುತ್ತಿದ್ದೆ. ವೇಗ ಬಂದದ್ದು ಒಂದೇ ಸಮನೆ ಓಡುವುದನ್ನು ಕಲಿತ ಮೇಲೆ. ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಕೊಡಿ. ಡಾಂಬರು ರಸ್ತೆ ಬೇಡ, ಮಣ್ಣಿನ ನೆಲ ಒಳ್ಳೆಯದು. ಮೊಣಕಾಲ ಕೆಳಗಿನ ಮೂಳೆ ನೋಯತೊಡಗಿದರೆ ಹಟ ಮಾಡಬೇಡಿ, ನಾಲ್ಕು ದಿನ ನಿಲ್ಲಿಸಿ. ತಿಂಗಳುಗಟ್ಟಲೆ ಸಮಯ ಇದೆ ಅಲ್ವಾ? ಓಟಕ್ಕೆ ಮುಂಚೆ ಮಾತ್ರೆ, ಇಂಜೆಕ್ಷನ್ ಕೊಡುತ್ತೇವೆ ಅಂತ ಬರುವವರನ್ನು ಹತ್ತಿರ ಸೇರಿಸಬೇಡಿ. ಅದು ಜೀವಕ್ಕೇ ಕುತ್ತು.

ವೈದ್ಯಕೀಯ

ನಮ್ಮ ದಕ್ಷಿಣ ರಾಜ್ಯಗಳವರಿಗೆ ಜನರಲ್ ಡ್ಯೂಟಿಗೆ ಎತ್ತರ 166 ಸೆಂಟಿಮೀಟರ್, ಎದೆ 77, ಉಸಿರು ತುಂಬಿದಾಗ 5 ಸೆಂಟಿಮೀಟರ್ ಹಿಗ್ಗಬೇಕು. ಅರ್ಜಿ ಹಾಕುವ ಮೊದಲೇ ಗೋಡೆಗೆ ನಿಂತು ಅಳೆಸಿಕೊಳ್ಳಿ. ಕ್ಲರ್ಕ್ ಹುದ್ದೆಗೆ 162 ಸಾಕು, ಆದರೆ ಪಿಯುಸಿಯಲ್ಲಿ 60 ಪರ್ಸೆಂಟ್ ಬೇಕು, ಟೈಪಿಂಗ್ ಪರೀಕ್ಷೆಯೂ ಇದೆ. ಹೆಣ್ಣುಮಕ್ಕಳಿಗೆ ಮಿಲಿಟರಿ ಪೊಲೀಸ್‌ನಲ್ಲಿ ಅವಕಾಶ ಇದೆ, ಅಲ್ಲಿಯೂ 162.

ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಒಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕಿವಿಯ ಗುಗ್ಗೆ ತೆಗೆಸಿ. ಹುಳುಕು ಹಲ್ಲು ತುಂಬಿಸಿ. ಕಣ್ಣು, ರಕ್ತದೊತ್ತಡ, ಪಾದ ಚಪ್ಪಟೆ ಇದೆಯಾ, ಎರಡೂ ಮೊಣಕಾಲು ತಾಗುತ್ತವೆಯಾ, ಕಾಲಿನ ನರ ಉಬ್ಬಿವೆಯಾ, ವೃಷಣದಲ್ಲಿ ನೀರು ತುಂಬಿದೆಯಾ ಅಂತ ಎಲ್ಲ ತೋರಿಸಿ. ನಾಚಿಕೆಯಿಂದ ಮುಚ್ಚಿಟ್ಟರೆ ರ‍್ಯಾಲಿಯಲ್ಲಿ ಡಾಕ್ಟರು ನೋಡಿಯೇ ನೋಡುತ್ತಾರೆ. ಮೊದಲೇ ಗೊತ್ತಾದರೆ ಕೆಲವಕ್ಕೆ ಚಿಕಿತ್ಸೆ ಇದೆ. ಗುಟ್ಕಾ ಇವತ್ತೇ ಬಿಡಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಆಸೆ ಬೇಡ. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟರೆ ಬೇರೆ ಕಡೆಯ ಹಚ್ಚೆಗೆ ಸಾಮಾನ್ಯವಾಗಿ ಅನುಮತಿ ಇಲ್ಲ.

ಅನ್‌ಫಿಟ್ ಅಂತ ಬರೆದುಕೊಟ್ಟರೆ ಚೀಟಿಯನ್ನು ಕಿಸೆಗೆ ತುರುಕಿ ಬಸ್ ಹತ್ತಬೇಡಿ. ಅಲ್ಲೇ ನಿಂತು ಪೂರ್ತಿ ಓದಿ. ತಜ್ಞ ಡಾಕ್ಟರಿಗೆ ಮತ್ತೆ ತೋರಿಸಲು ಸೇನಾ ಆಸ್ಪತ್ರೆಗೆ ಕಳಿಸಿದ್ದರೆ ಎಲ್ಲಿಗೆ, ಯಾವ ದಿನದೊಳಗೆ ಹೋಗಬೇಕು ಅಂತ ಅದರಲ್ಲಿರುತ್ತದೆ. ಅರ್ಥವಾಗದಿದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಕೇಳಿ. ಹತಾಶರಾಗಿ ಮನೆಗೆ ಬಂದು ಆ ದಿನ ತಪ್ಪಿಸಿಕೊಂಡ ಹುಡುಗರಿದ್ದಾರೆ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊನೆಯ ಕಾಯುವಿಕೆ

ವೈದ್ಯಕೀಯ ಪಾಸಾದ ಮೇಲಿನ ದಿನಗಳೇ ಎಲ್ಲಕ್ಕಿಂತ ಕಷ್ಟ. ಎಲ್ಲ ಪಾಸಾದರೂ ಮೆರಿಟ್‌ನಲ್ಲಿ ಹೆಸರು ಬರಲೇಬೇಕೆಂದಿಲ್ಲ, ಖಾಲಿ ಹುದ್ದೆ ಎಷ್ಟಿದೆಯೋ ಅಷ್ಟೇ ಜನ. ಸರಿಯಾಗಿ ಆ ಹೊತ್ತಿಗೇ ಏಜೆಂಟರ ಫೋನ್ ಬರುತ್ತದೆ. "ನಿಮ್ಮ ಹುಡುಗ ಅಂಚಿನಲ್ಲಿದ್ದಾನೆ, ಎರಡು ಲಕ್ಷ ಕೊಟ್ಟರೆ ಸೇರಿಸುತ್ತೇವೆ" ಅನ್ನುತ್ತಾರೆ. ಅಪ್ಪ ಅಮ್ಮ ಎಮ್ಮೆ ಮಾರಲು ತಯಾರಾಗುತ್ತಾರೆ. ಅರ್ಜಿಯ ಶುಲ್ಕ ಬಿಟ್ಟರೆ ಸೇನೆಗೆ ಕೊಡಬೇಕಾದ ದುಡ್ಡು ಯಾವುದೂ ಇಲ್ಲ. ಮನೆಯವರಿಗೆ ಇದನ್ನು ಮೊದಲೇ ಕೂರಿಸಿಕೊಂಡು ಹೇಳಿಡಿ.

ಬೇರೆ ದಾರಿಯನ್ನೂ ತೆರೆದಿಡಿ. ಕೋವಿಡ್ ಹೊತ್ತಿನಲ್ಲಿ ಓಟ, ವೈದ್ಯಕೀಯ ಎರಡೂ ಪಾಸಾಗಿ ಲಿಖಿತ ಪರೀಕ್ಷೆಗೆ ಕಾದಿದ್ದ ಸಾವಿರಾರು ಹುಡುಗರಿದ್ದರು. 2022ರ ಜೂನ್‌ನಲ್ಲಿ ಈ ಅಗ್ನಿವೀರ್ ಭರ್ತಿಯನ್ನು ತಂದ ಅಗ್ನಿಪಥ ಯೋಜನೆ ಬಂತು, ಆ ಹಳೆಯ ಭರ್ತಿ ಅಲ್ಲಿಗೇ ನಿಂತಿತು. ಅವರದ್ದೇನೂ ತಪ್ಪಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಡಿಗ್ರಿಗೆ ಸೇರಿಕೊಳ್ಳಿ, ಕಾಲೇಜು ಬಿಡಬೇಡಿ. ವಾಯುಪಡೆ, ನೌಕಾಪಡೆಯ ಅಗ್ನಿವೀರ್ ಅರ್ಜಿಗಳನ್ನೂ ಹಾಕಿ. ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯೂ ಈಗ ಕನ್ನಡದಲ್ಲಿದೆ. ಆದರೆ ಅಲ್ಲಿ ಗಂಡುಹುಡುಗರಿಗೆ ಸಾಮಾನ್ಯವಾಗಿ ಎತ್ತರ 170 ಬೇಕು, ಓಟ 5 ಕಿಲೋಮೀಟರ್. ರಾಜ್ಯ ಪೊಲೀಸ್ ಕೂಡ ಇದೆ. ಒಂದೇ ತಯಾರಿ ಬಹಳ ಕಡೆ ಉಪಯೋಗಕ್ಕೆ ಬರುತ್ತದೆ.

ಹೆಸರು ಬಂದರೆ ಕಚೇರಿಯವರು ಹೇಳಿದ ದಿನ ಮೂಲ ದಾಖಲೆಗಳ ಜೊತೆ ಹಾಜರಾಗಿ. ಎಲ್ಲದರ ಎರಡು ಸೆಟ್ ಜೆರಾಕ್ಸ್ ಮನೆಯಲ್ಲಿ ಬಿಟ್ಟು ಹೋಗಿ. ಬರದಿದ್ದರೆ ಆ ಲಿಸ್ಟ್ ಮುಂದಿನ ವರ್ಷಕ್ಕೆ ಮುಂದುವರಿಯುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಮುಂದಿನ ಅಧಿಸೂಚನೆ ಬಂದ ದಿನ ಮೊದಲು ಹುಟ್ಟಿದ ತಾರೀಖಿನ ಸಾಲು ಓದಿ, ವಯಸ್ಸು ಇದೆಯಾ ನೋಡಿ. ಇದ್ದರೆ ಜಾತಿ, ವಾಸಸ್ಥಳದ ಪತ್ರಗಳನ್ನು ಅದೇ ಫೈಲಿನಲ್ಲಿ ಉಳಿಸಿಕೊಳ್ಳಿ. ನಡತೆ ಮತ್ತು ಅವಿವಾಹಿತ ಪತ್ರಗಳನ್ನು ತೆಗೆದುಹಾಕಿ, ಅವನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ.